ಓದು, ನಕಲು, ಬಳಕೆ: ಯಂತ್ರಾಭ್ಯಾಸವನ್ನು ಕುರಿತ ಎರಡು ತೀರ್ಪುಗಳ ವಿಮರ್ಶೆ

೧

ಗ್ರಂಥಕರ್ತನ ಅನುಮತಿಯಿಲ್ಲದೆ ಅವನ ಗ್ರಂಥವನ್ನು ಯಂತ್ರದ ಅಭ್ಯಾಸಕ್ಕೆ ಬಳಸಬಹುದೇ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಅನೇಕ ದೇಶಗಳ ನ್ಯಾಯಾಲಯಗಳ ಮುಂದೆ ಬಂದಿದೆ. ಈ ಪ್ರಶ್ನೆಯನ್ನು ಕುರಿತು ೨೦೨೫ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಉತ್ತರ ಜಿಲ್ಲೆಯ ಒಂದೇ ನ್ಯಾಯಾಲಯದಿಂದ, ಎರಡು ದಿನಗಳ ಅಂತರದಲ್ಲಿ ಎರಡು ತೀರ್ಪುಗಳು ಹೊರಬಿದ್ದವು. ಜೂನ್ ೨೩ರಂದು ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು ಆಂಥ್ರೊಪಿಕ್ ಸಂಸ್ಥೆಯ ಮೇಲಣ ಮೊಕದ್ದಮೆಯಲ್ಲಿಯೂ, ಜೂನ್ ೨೫ರಂದು ನ್ಯಾಯಾಧೀಶ ವಿನ್ಸ್ ಛಾಬ್ರಿಯಾ ಅವರು ಮೆಟಾ ಸಂಸ್ಥೆಯ ಮೇಲಣ ಮೊಕದ್ದಮೆಯಲ್ಲಿಯೂ ತಮ್ಮ ನಿರ್ಣಯಗಳನ್ನು ಕೊಟ್ಟರು. ಅಭ್ಯಾಸದ ಮಟ್ಟಿಗೆ ಎರಡರಲ್ಲಿಯೂ ಗೆಲವು ಸಂಸ್ಥೆಗಳದಾಯಿತು. ಆದರೆ ಆ ಗೆಲವಿಗೆ ಇಬ್ಬರು ನ್ಯಾಯಾಧೀಶರೂ ಕೊಟ್ಟ ಕಾರಣಗಳು ಒಂದಕ್ಕೊಂದು ಹೊಂದುವುದಿಲ್ಲ. ಫಲವು ಒಂದೇ ಆಗಿ ಹೇತುಗಳು ಬೇರೆಯಾದೆಡೆ ಆ ಹೇತುಗಳನ್ನು ಪರೀಕ್ಷಿಸುವುದು ಅವಶ್ಯಕ. ಪ್ರಕೃತ ಲೇಖನದ ಉದ್ದೇಶ ಅದೇ.

ಇದು ನ್ಯಾಯಶಾಸ್ತ್ರದ ವಿಷಯ, ಇತಿಹಾಸದ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದಾಗಿ, ಅಮೆರಿಕದ ನ್ಯಾಯಾಲಯಗಳು ಇಂದು ಆಧಾರವಾಗಿಟ್ಟುಕೊಂಡಿರುವ ‘ನ್ಯಾಯೋಚಿತ ಬಳಕೆ’ಯ ತತ್ತ್ವವು ಹುಟ್ಟಿದ್ದೇ ಇತಿಹಾಸಗ್ರಂಥಗಳ ಒಂದು ವ್ಯಾಜ್ಯದಲ್ಲಿ. ಎರಡನೆಯದಾಗಿ, ಇತಿಹಾಸಕಾರನು ಪರರ ಬರೆಹವನ್ನು ಓದದೆ ಒಂದು ಪುಟವನ್ನೂ ಬರೆಯಲಾರನು. ತನ್ನ ಬರೆಹವನ್ನು ಪರರು ಓದದಿದ್ದರೆ ಅವನ ಶ್ರಮ ಸಾರ್ಥಕವೂ ಆಗದು. ಆದುದರಿಂದ ಓದಿಗೂ ನಕಲಿಗೂ ನಡುವಣ ಗೆರೆ ಎಲ್ಲಿ ಬೀಳುತ್ತದೆಂಬುದು ಅವನ ವೃತ್ತಿಯ ಪ್ರಶ್ನೆಯೇ ಆಗಿದೆ.

೨

ಮೊದಲು ಆ ಹಳೆಯ ವ್ಯಾಜ್ಯವನ್ನು ನೆನೆಯೋಣ. ಜ್ಯಾರೆಡ್ ಸ್ಪಾರ್ಕ್ಸ್ ಎಂಬ ವಿದ್ವಾಂಸನು ಜಾರ್ಜ್ ವಾಷಿಂಗ್ಟನ್ನನ ಪತ್ರಗಳನ್ನೂ ಇತರ ಬರೆಹಗಳನ್ನೂ ಸಂಗ್ರಹಿಸಿ ೧೨ ಸಂಪುಟಗಳಲ್ಲಿ ಪ್ರಕಟಿಸಿದ್ದನು. ಚಾರ್ಲ್ಸ್ ಅಪ್‌ಹ್ಯಾಮ್ ಎಂಬ ಇನ್ನೊಬ್ಬ ಲೇಖಕನು ವಾಷಿಂಗ್ಟನ್ನನ ಚರಿತ್ರೆಯನ್ನು ಅವನ ಮಾತುಗಳಿಂದಲೇ ಹೆಣೆದು ಎರಡು ಸಂಪುಟಗಳನ್ನು ಸಿದ್ಧಪಡಿಸಿದನು. ಅಪ್‌ಹ್ಯಾಮನ ಗ್ರಂಥದ ೮೬೬ ಪುಟಗಳಲ್ಲಿ ೩೫೩ ಪುಟಗಳು ಸ್ಪಾರ್ಕ್ಸನ ಸಂಪುಟಗಳಿಂದ ಯಥಾವತ್ತಾಗಿ ಎತ್ತಿದವಾಗಿದ್ದವು. ೧೮೪೧ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ಅವರು ಮುಖ್ಯವಾಗಿ ಮೂರು ಪ್ರಶ್ನೆಗಳನ್ನು ಮುಂದಿಟ್ಟರು: ಆಯ್ದುಕೊಂಡ ಭಾಗಗಳ ಸ್ವರೂಪವೇನು, ಉದ್ದೇಶವೇನು? ಅವುಗಳ ಪರಿಮಾಣವೆಷ್ಟು, ಮೌಲ್ಯವೆಷ್ಟು? ಈ ಬಳಕೆಯು ಮೂಲಕೃತಿಯ ಮಾರಾಟಕ್ಕೆ ಹಾನಿ ತರುವುದೇ, ಅದರ ಸ್ಥಾನವನ್ನೇ ಆಕ್ರಮಿಸುವುದೇ? ಈ ಪ್ರಶ್ನೆಗಳೇ ಮುಂದೆ ೧೯೭೬ರ ಅಮೆರಿಕದ ಶಾಸನದಲ್ಲಿ ‘ನ್ಯಾಯೋಚಿತ ಬಳಕೆ’ಯ ನಾಲ್ಕು ಲಕ್ಷಣಗಳಾಗಿ ಸೇರಿದವು.

ಈ ವ್ಯಾಜ್ಯದ ಎರಡು ಸಂಗತಿಗಳು ನಮಗೆ ಇಲ್ಲಿ ಪ್ರಯೋಜನಕಾರಿಯಾಗಿವೆ. ಅಪ್‌ಹ್ಯಾಮನ ಗ್ರಂಥವು ಶಾಲಾ ಪುಸ್ತಕಭಂಡಾರಗಳಿಗಾಗಿ ಹೊರಡುತ್ತಿದ್ದ ಒಂದು ಮಾಲೆಗೆ ಸೇರಿದುದು. ಆ ಉದ್ಯಮ ಶ್ಲಾಘ್ಯವೆಂದು ಸ್ಟೋರಿ ಒಪ್ಪಿದರು. ಅದಕ್ಕೆ ತಮ್ಮ ತೀರ್ಪಿನಿಂದ ಅಡ್ಡಿಯಾಗಬಹುದೆಂದು ವಿಷಾದವನ್ನೂ ವ್ಯಕ್ತಪಡಿಸಿದರು. ಆದರೂ ತೀರ್ಪನ್ನು ವಾದಿಗಳ ಪರವಾಗಿಯೇ ಕೊಟ್ಟರು. ಉದ್ದೇಶದ ಒಳ್ಳೆಯತನವು ಉಪಾಯದ ದೋಷವನ್ನು ತೊಳೆಯುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇನ್ನೊಂದು ಸಂಗತಿ, ಎತ್ತಿಕೊಂಡ ಪುಟಗಳನ್ನು ಎಣಿಸುವುದು ಅಲ್ಲಿ ಸಾಧ್ಯವಾಯಿತೆಂಬುದು. ಎರಡು ಗ್ರಂಥಗಳೂ ಅಚ್ಚಾಗಿ ಎಲ್ಲರ ಕಣ್ಣೆದುರಿಗೆ ಇದ್ದವು. ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದವರಿಗೆ ೩೫೩ ಎಂಬ ಸಂಖ್ಯೆ ದೊರೆಯಿತು. ಈ ಎಣಿಕೆಯ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

೩

ಯಂತ್ರದ ಅಭ್ಯಾಸವೆಂಬುದರಲ್ಲಿ ಮೂರು ಬೇರೆ ಬೇರೆ ಕ್ರಿಯೆಗಳು ಅಡಗಿವೆ. ಮೊದಲು ಗ್ರಂಥಗಳನ್ನು ಪ್ರತಿಮಾಡಿ ಗಣಕಯಂತ್ರದಲ್ಲಿ ಕೂಡಿಡುತ್ತಾರೆ, ಇದು ಸಂಗ್ರಹ. ಅನಂತರ ವಾಕ್ಯಗಳನ್ನು ಸಣ್ಣ ತುಣುಕುಗಳಾಗಿ ಒಡೆದು, ಹಿಂದಿನ ತುಣುಕುಗಳನ್ನು ಕೊಟ್ಟು ಮುಂದಿನದು ಯಾವುದೆಂದು ಯಂತ್ರದಿಂದ ಊಹೆ ಮಾಡಿಸುತ್ತಾರೆ. ಊಹೆ ತಪ್ಪಿದಾಗಲೆಲ್ಲ ಯಂತ್ರದೊಳಗಣ ಸಂಖ್ಯೆಗಳು ಸ್ವಲ್ಪಸ್ವಲ್ಪವಾಗಿ ತಿದ್ದಲ್ಪಡುತ್ತವೆ. ಈ ಕಾರ್ಯ ಅಸಂಖ್ಯ ಸಲ ನಡೆದ ಬಳಿಕ ಭಾಷೆಯ ನಡೆ ಆ ಸಂಖ್ಯೆಗಳಲ್ಲಿ ಅಡಕವಾಗುತ್ತದೆ, ಇದು ಅಭ್ಯಾಸ. ಕೊನೆಗೆ, ಪ್ರಶ್ನೆ ಕೇಳಿದವರಿಗೆ ಯಂತ್ರವು ಹೊಸ ವಾಕ್ಯಗಳನ್ನು ಕೊಡುತ್ತದೆ, ಇದು ಉತ್ಪತ್ತಿ. ಈ ಮೂರನ್ನೂ ಒಂದೇ ಹೆಸರಿನಿಂದ ಕರೆದುದರಿಂದ ಚರ್ಚೆಯಲ್ಲಿ ಬಹಳ ಗೊಂದಲವುಂಟಾಗಿದೆ.

ಆಲ್ಸಪ್ ಅವರ ತೀರ್ಪಿನ ಮುಖ್ಯ ಗುಣವೆಂದರೆ ಅವರು ಈ ಕ್ರಿಯೆಗಳನ್ನು ಬಿಡಿಸಿ ನೋಡಿದುದು. ಅಭ್ಯಾಸವು ಮೂಲಕೃತಿಗಿಂತ ತೀರ ಬೇರೆಯಾದ ಉದ್ದೇಶವುಳ್ಳದ್ದು, ಆದ್ದರಿಂದ ನ್ಯಾಯೋಚಿತ ಎಂದರು. ಹಣ ಕೊಟ್ಟು ಕೊಂಡ ಅಚ್ಚಿನ ಪುಸ್ತಕಗಳನ್ನು ಬಿಚ್ಚಿ, ಗಣಕಕ್ಕೆ ತುಂಬಿಸಿ, ಮೂಲಪ್ರತಿಯನ್ನು ನಾಶಮಾಡಿದುದನ್ನೂ ಒಪ್ಪಿದರು. ಆದರೆ ಅಕ್ರಮ ಪ್ರತಿಗಳ ಅಂತರ್ಜಾಲ ಭಂಡಾರಗಳಿಂದ ಇಳಿಸಿಕೊಂಡು ಶಾಶ್ವತವಾಗಿ ಕೂಡಿಟ್ಟ ೭೦ ಲಕ್ಷಕ್ಕೂ ಮಿಕ್ಕ ಪ್ರತಿಗಳ ವಿಷಯದಲ್ಲಿ ಆ ರಕ್ಷಣೆಯನ್ನು ನಿರಾಕರಿಸಿದರು. ಈ ಕೊನೆಯ ಭಾಗದ ವಿಚಾರಣೆ ನಡೆಯುವ ಮೊದಲೇ ರಾಜಿಯಾಗಿ, ಸಂಸ್ಥೆಯು ೧೫೦ ಕೋಟಿ ಡಾಲರುಗಳನ್ನು ಕೊಡಲು ಒಪ್ಪಿತು. ಸುಮಾರು ೫ ಲಕ್ಷ ಕೃತಿಗಳಿಗೆ, ಕೃತಿಯೊಂದಕ್ಕೆ ಸುಮಾರು ೩,೦೦೦ ಡಾಲರಿನ ಲೆಕ್ಕ. ೨೦೨೫ರ ಸೆಪ್ಟೆಂಬರ್ ೨೫ರಂದು ಈ ರಾಜಿಗೆ ನ್ಯಾಯಾಲಯದ ಪ್ರಾಥಮಿಕ ಸಮ್ಮತಿ ದೊರೆಯಿತು.

ಈ ತೀರ್ಪಿನಲ್ಲಿ ನಾವು ಒಪ್ಪಲಾರದ ಭಾಗವೆಂದರೆ ಅದರಲ್ಲಿ ಬರುವ ಒಂದು ಉಪಮೆ. ಯಂತ್ರಗಳಿಂದ ಬರೆಹಗಳ ಮಹಾಪೂರ ಬಂದೀತೆಂಬ ಗ್ರಂಥಕರ್ತರ ದೂರು, ಶಾಲೆಯ ಮಕ್ಕಳಿಗೆ ಚೆನ್ನಾಗಿ ಬರೆಯಲು ಕಲಿಸಿದರೆ ಪ್ರತಿಸ್ಪರ್ಧಿಗಳು ಹೆಚ್ಚುತ್ತಾರೆಂದು ದೂರಿದಂತಾಯಿತೆಂದು ನ್ಯಾಯಾಧೀಶರು ಹೇಳಿದರು. ಈ ಉಪಮೆ ಎರಡು ಕಡೆ ಕುಂಟುತ್ತದೆ. ಮಗು ಪುಸ್ತಕವನ್ನು ಓದುವಾಗ ಪ್ರತಿ ಹುಟ್ಟುವುದಿಲ್ಲ. ಕೃತಿಸ್ವಾಮ್ಯದ ಶಾಸನವು ಎಂದೂ ಓದನ್ನು ನಿಷೇಧಿಸಿದುದಲ್ಲ. ಅದು ನಿಯಂತ್ರಿಸುವುದು ಪ್ರತಿಮಾಡುವುದನ್ನು. ಯಂತ್ರವಾದರೋ ಪ್ರತಿಮಾಡದೆ ಓದಲಾರದು. ಹೀಗಿರುವಾಗ ಅದರ ಕ್ರಿಯೆಗೆ ‘ಓದು’ ಎಂದು ಹೆಸರಿಟ್ಟು, ಓದು ನಿರ್ದೋಷವಾದ್ದರಿಂದ ಇದೂ ನಿರ್ದೋಷವೆನ್ನುವುದು ಸಾಧಿಸಬೇಕಾದುದನ್ನೇ ಸಿದ್ಧವೆಂದು ಇಟ್ಟುಕೊಂಡಂತೆ. ಮತ್ತು ಮಗುವಿಗೆ ಕಲಿಸುವುದು ಆ ಮಗುವಿನ ಹಿತಕ್ಕಾಗಿ. ಕಲಿತ ಮಗು ಯಾರ ಸರಕೂ ಅಲ್ಲ. ಕಲಿತ ಯಂತ್ರವು ಒಂದು ಸಂಸ್ಥೆಯ ಸೊತ್ತು. ಅದರ ಕಲಿಕೆಯೇ ಮಾರಾಟದ ವಸ್ತು. ಸ್ಟೋರಿ ಅವರ ಮುಂದೆ ಶಾಲೆಯ ಮಕ್ಕಳು ನಿಜವಾಗಿಯೇ ಇದ್ದರು. ಆದರೂ ಅವರ ಹೆಸರಿನಲ್ಲಿ ಪ್ರತಿವಾದಿಗೆ ವಿನಾಯಿತಿ ದೊರೆಯಲಿಲ್ಲ. ೨೦೨೫ರಲ್ಲಿ ಮಕ್ಕಳು ಉಪಮೆಯಲ್ಲಿ ಮಾತ್ರ ಬಂದರು. ಹಾಗಿದ್ದೂ ವಾದಕ್ಕೆ ಬಲವಾದರು.

೪

ಛಾಬ್ರಿಯಾ ಅವರು ಈ ಉಪಮೆಯನ್ನು ಹೆಸರಿಸಿಯೇ ತಳ್ಳಿಹಾಕಿದರು. ಒಬ್ಬ ವ್ಯಕ್ತಿ ಅತ್ಯಲ್ಪ ಕಾಲದಲ್ಲಿ, ಅತ್ಯಲ್ಪ ಶ್ರಮದಿಂದ, ಲೆಕ್ಕವಿಲ್ಲದಷ್ಟು ಪ್ರತಿಸ್ಪರ್ಧಿ ಬರೆಹಗಳನ್ನು ಹೊರಡಿಸಲು ಶಕ್ತನಾಗುವಂಥ ಯಂತ್ರಕ್ಕೂ ಮಕ್ಕಳ ಪಾಠಕ್ಕೂ ಸಾಮ್ಯವಿಲ್ಲವೆಂಬುದು ಅವರ ಅಭಿಪ್ರಾಯ. ಯಂತ್ರದ ಉತ್ಪತ್ತಿಯಿಂದ ಮೂಲಕೃತಿಗಳ ಮಾರುಕಟ್ಟೆ ತೆಳುವಾಗುವುದಾದರೆ ಅನುಮತಿಯಿಲ್ಲದ ಅಭ್ಯಾಸವು ಅನೇಕ ಸಂದರ್ಭಗಳಲ್ಲಿ ಅಕ್ರಮವೇ ಆದೀತೆಂದರು. ಹಾಗಿದ್ದರೂ ತಮ್ಮ ಮುಂದಿದ್ದ ೧೩ ಮಂದಿ ಗ್ರಂಥಕರ್ತರು ಈ ಹಾನಿಗೆ ಸಾಕ್ಷ್ಯವನ್ನು ಒದಗಿಸಲಿಲ್ಲವಾದ್ದರಿಂದ ತೀರ್ಪನ್ನು ಸಂಸ್ಥೆಯ ಪರವಾಗಿ ಕೊಟ್ಟರು. ಅದು ಆ ೧೩ ಮಂದಿಗೆ ಮಾತ್ರ ಅನ್ವಯಿಸತಕ್ಕದ್ದೆಂದೂ ಸೂಚಿಸಿದರು.

ಸ್ಟೋರಿ ಅವರ ಮೂರನೆಯ ಪ್ರಶ್ನೆಯನ್ನು ಮತ್ತೆ ಮುಂದಕ್ಕೆ ತಂದುದು ಈ ತೀರ್ಪಿನ ಹಿರಿಮೆ. ಆದರೆ ಇದೂ ನಿರ್ದುಷ್ಟವಲ್ಲ. ಸ್ಪಾರ್ಕ್ಸನಿಗೆ ಆದ ಹಾನಿ ಎತ್ತಿಕೊಂಡ ಪುಟಗಳಿಂದಲೇ ಆದುದು. ‘ತೆಳುವಾಗುವಿಕೆ’ಯ ಹಾನಿಯಾದರೋ ಯಾವ ಪುಟವನ್ನೂ ಎತ್ತಿಕೊಳ್ಳದ ಹೊಸ ಬರೆಹಗಳಿಂದ ಬರುವುದು. ಒಂದೇ ವಸ್ತುವನ್ನು ಕುರಿತು ಎರಡನೆಯವನು ತನ್ನ ಮಾತುಗಳಲ್ಲಿ ಬರೆದರೆ ಮೊದಲನೆಯವನ ಮಾರಾಟ ತಗ್ಗಬಹುದು, ಅದು ದೋಷವಲ್ಲ. ವಿಷಯ, ಭಾವ, ಸಂಗತಿಗಳಿಗೆ ಸ್ವಾಮ್ಯವಿಲ್ಲ, ಅಭಿವ್ಯಕ್ತಿಗೆ ಮಾತ್ರ ಉಂಟೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೂ ೧೯೭೮ರಲ್ಲಿ ಆರ್. ಜಿ. ಆನಂದ್ ಅವರ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಈ ತತ್ತ್ವ ಸಡಿಲವಾದರೆ ಮೊದಲು ಪೆಟ್ಟು ಬೀಳುವುದು ಇತಿಹಾಸಕಾರನಿಗೆ. ಇನ್ನೊಬ್ಬರ ಇತಿಹಾಸವನ್ನು ಓದಿ ಬರೆದುದೆಲ್ಲ ಅತಿಕ್ರಮಣವೆನಿಸಿದರೆ ಯಾವ ಇತಿಹಾಸವನ್ನೂ ಯಾರೂ ಬರೆಯುವಂತಿಲ್ಲ. ಆದ್ದರಿಂದ ಯಂತ್ರಾಭ್ಯಾಸವನ್ನು ಬರಿಯ ‘ಕಳವು’ ಎಂದು ಕರೆಯುವವರ ಮಾತನ್ನೂ ನಾವು ಒಪ್ಪಲಾರೆವು.

ಹಾಗಾದರೆ ಸಿದ್ಧಾಂತವೇನು? ಈ ಹಾನಿ ಸಾಮಾನ್ಯ ಸ್ಪರ್ಧೆಯ ಹಾನಿಗಿಂತ ಒಂದು ಅಂಶದಲ್ಲಿ ಭಿನ್ನವಾಗಿದೆ: ಇಲ್ಲಿ ಪ್ರತಿಸ್ಪರ್ಧಿಯನ್ನು ನಿರ್ಮಿಸಿದುದೇ ಗ್ರಂಥಕರ್ತರ ಕೃತಿಗಳ ಪೂರ್ಣ ಪ್ರತಿಗಳಿಂದ. ಉತ್ಪತ್ತಿಯಲ್ಲಿ ನಕಲಿಲ್ಲದಿರಬಹುದು, ನಿರ್ಮಾಣದಲ್ಲಿ ಉಂಟು. ಆದಕಾರಣ ಉತ್ಪತ್ತಿಯನ್ನು ಹಿಡಿದು ನಿಷೇಧವನ್ನು ಕೋರುವುದಕ್ಕಿಂತ, ನಿರ್ಮಾಣವನ್ನು ಹಿಡಿದು ಲೆಕ್ಕವನ್ನೂ ಪ್ರತಿಫಲವನ್ನೂ ಕೋರುವುದು ತರ್ಕಬದ್ಧವೆಂದು ನಮಗೆ ತೋರುತ್ತದೆ.

ಕಲಿತ ಯಂತ್ರದೊಳಗೆ ಮೂಲಕೃತಿ ಇನ್ನೂ ಇದೆಯೇ ಎಂಬ ಪ್ರಶ್ನೆಯೂ ಇತ್ಯರ್ಥವಾಗಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ೨೦೨೫ರ ನವೆಂಬರ್ ೪ರಂದು ಲಂಡನ್ನಿನ ಉಚ್ಚ ನ್ಯಾಯಾಲಯವು, ಚಿತ್ರಗಳಿಂದ ಅಭ್ಯಾಸ ಮಾಡಿದ ಒಂದು ಯಂತ್ರದಲ್ಲಿ ಆ ಚಿತ್ರಗಳ ಪ್ರತಿ ಸಂಗ್ರಹವಾಗಿಲ್ಲವಾದ್ದರಿಂದ ಅದು ಅತಿಕ್ರಮಣದ ಪ್ರತಿಯಲ್ಲವೆಂದು ನಿರ್ಣಯಿಸಿತು. ಒಂದು ವಾರದ ತರುವಾಯ, ನವೆಂಬರ್ ೧೧ರಂದು, ಮ್ಯೂನಿಕ್ ನಗರದ ನ್ಯಾಯಾಲಯವು ಗೀತೆಗಳ ಸಾಲುಗಳು ಯಂತ್ರದಲ್ಲಿ ಕಂಠಪಾಠವಾಗಿ ಉಳಿದಿರುವುದು ಪ್ರತಿಯೇ ಸರಿ ಎಂದು ಓಪನ್‌ಎಐ ಸಂಸ್ಥೆಯ ವಿರುದ್ಧ ತೀರ್ಪಿತ್ತಿತು. ಶಾಸನಗಳೂ ಸಾಕ್ಷ್ಯಗಳೂ ಬೇರೆಯಾಗಿದ್ದುವೆಂಬುದು ನಿಜ. ಆದರೂ ಯಂತ್ರದ ಅಂತರಂಗವನ್ನು ಆಧಾರವಾಗಿಟ್ಟುಕೊಂಡ ನಿಯಮವು ದೃಢವಾಗಿ ನಿಲ್ಲುವುದು ಕಷ್ಟವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಸಂಗ್ರಹದ ಕ್ರಿಯೆಯಾದರೋ ಇಂಥ ಸಂದೇಹಕ್ಕೆ ಎಡೆಗೊಡದು.

೫

ಇನ್ನು ನಮ್ಮ ದೇಶದ ಸ್ಥಿತಿ. ಅಮೆರಿಕದ ತೀರ್ಪುಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ೧೯೫೭ರ ಭಾರತದ ಕೃತಿಸ್ವಾಮ್ಯ ಅಧಿನಿಯಮದ ೧೪ನೆಯ ಕಲಮಿನ ಪ್ರಕಾರ ಕೃತಿಯನ್ನು ವಿದ್ಯುನ್ಮಾನ ಸಾಧನದಲ್ಲಿ ಕೂಡಿಡುವುದೂ ಪ್ರತಿಮಾಡುವುದರಲ್ಲಿಯೇ ಸೇರಿದೆ. ವಿನಾಯಿತಿಗಳನ್ನು ೫೨ನೆಯ ಕಲಮು ಒಂದೊಂದಾಗಿ ಎಣಿಸುತ್ತದೆ. ನ್ಯಾಯಾಧೀಶನ ವಿವೇಚನೆಗೆ ಬಿಟ್ಟ ತೆರೆದ ಬಾಗಿಲು ಅಲ್ಲಿಲ್ಲ. ಸಂಶೋಧನೆಯೂ ಒಳಗೊಂಡಂತೆ ಖಾಸಗಿ ಅಥವಾ ಸ್ವಂತ ಉಪಯೋಗ, ವಿಮರ್ಶೆ, ವರ್ತಮಾನ ಘಟನೆಗಳ ವರದಿ—ಇವಕ್ಕೆ ನ್ಯಾಯೋಚಿತ ವ್ಯವಹಾರದ ರಕ್ಷಣೆಯುಂಟು. ವ್ಯಾಪಾರಸಂಸ್ಥೆಯ ಯಂತ್ರಾಭ್ಯಾಸವನ್ನು ‘ಖಾಸಗಿ ಉಪಯೋಗ’ವೆಂದು ಅರ್ಥೈಸುವುದು ಪದಗಳಿಗೆ ಬಲಾತ್ಕಾರ ಮಾಡಿದಂತಾದೀತು.

ಕೆಲವರು ದೆಹಲಿಯ ಉಚ್ಚ ನ್ಯಾಯಾಲಯದ ೨೦೧೬ರ ತೀರ್ಪನ್ನು ಪೂರ್ವನಿದರ್ಶನವಾಗಿ ತರಬಹುದು. ದೆಹಲಿ ವಿಶ್ವವಿದ್ಯಾನಿಲಯದ ರಾಮೇಶ್ವರಿ ಛಾಯಾಪ್ರತಿ ಅಂಗಡಿಯು ಪಾಠ್ಯಕ್ರಮಕ್ಕೆ ಅನುಸಾರವಾಗಿ ಗ್ರಂಥಭಾಗಗಳನ್ನು ಪ್ರತಿಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ಹೂಡಿದ ದಾವೆಯಲ್ಲಿ, ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡುವ ಪ್ರತಿಗೆ ಶಾಸನದಲ್ಲಿ ಅವಕಾಶವುಂಟೆಂದು ನ್ಯಾಯಾಲಯ ಹೇಳಿತು. ಕಾಲೇಜಿನ ಅಧ್ಯಾಪಕರಾದ ನಮಗೆಲ್ಲ ಆ ತೀರ್ಪು ಉಪಕಾರಕವಾದುದು. ಆದರೆ ಅದರ ಆಧಾರ ‘ಅಧ್ಯಾಪಕ’, ‘ವಿದ್ಯಾರ್ಥಿ’ ಎಂಬ ಪದಗಳು. ಯಂತ್ರವನ್ನು ವಿದ್ಯಾರ್ಥಿಯೆಂದು ಕರೆದೊಡನೆ ಆ ವಿನಾಯಿತಿ ಅದಕ್ಕೆ ಸಲ್ಲುವುದೆಂದರೆ ಮತ್ತೆ ಅದೇ ಉಪಮೆಯ ದೋಷಕ್ಕೆ ಬಿದ್ದಂತಾಗುತ್ತದೆ. ೨೦೨೪ರ ನವೆಂಬರ್‌ನಲ್ಲಿ ಎಎನ್‌ಐ ವಾರ್ತಾಸಂಸ್ಥೆಯು ಓಪನ್‌ಎಐ ಮೇಲೆ ದಾವೆ ಹೂಡಿದುದೂ ಇದೇ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿಯೇ ಎಂಬುದನ್ನು ನೆನೆಯಬಹುದು.

ನ್ಯಾಯಾಲಯದ ಹೊರಗೂ ಒಂದು ಪ್ರಯತ್ನ ನಡೆದಿದೆ. ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನಾ ಇಲಾಖೆ ೨೦೨೫ರ ಡಿಸೆಂಬರ್ ೮ರಂದು ಪ್ರಕಟಿಸಿದ ಕಾರ್ಯಪತ್ರವು ಹೊಸ ವ್ಯವಸ್ಥೆಯೊಂದನ್ನು ಸೂಚಿಸಿತು. ನ್ಯಾಯಬದ್ಧವಾಗಿ ದೊರೆತ ಎಲ್ಲ ಕೃತಿಗಳನ್ನೂ ಅಭ್ಯಾಸಕ್ಕೆ ಬಳಸಲು ಕಡ್ಡಾಯದ ಸಾಮೂಹಿಕ ಪರವಾನಗಿ. ಸಂಸ್ಥೆಯ ಆದಾಯಕ್ಕನುಸಾರವಾಗಿ ರಾಯಧನ. ಅದನ್ನು ವಸೂಲುಮಾಡಿ ಹಂಚಲು ಒಂದು ಕೇಂದ್ರ ಮಂಡಲಿ. ನ್ಯಾಯಾಲಯದ ಮೆಟ್ಟಿಲು ಹತ್ತಲಾರದ ಬಡ ಗ್ರಂಥಕರ್ತನಿಗೂ ಪಾಲು ಕಲ್ಪಿಸುವುದು ಈ ಸೂಚನೆಯ ಗುಣ. ಕೊಡುವುದಿಲ್ಲವೆನ್ನುವ ಹಕ್ಕನ್ನು ಅವನಿಂದ ಕಸಿದುಕೊಳ್ಳುವುದು ಅದರ ದೋಷ. ಐರೋಪ್ಯ ಒಕ್ಕೂಟದ ೨೦೧೯ರ ನಿರ್ದೇಶವು ಇಂಥ ಬಳಕೆಯಿಂದ ತನ್ನ ಕೃತಿಯನ್ನು ಹೊರಗಿಡುವ ಅವಕಾಶವನ್ನು ಸ್ವಾಮ್ಯವುಳ್ಳವನಿಗೆ ಉಳಿಸಿದೆ. ಅಲ್ಲದೆ, ಕೂಡಿಬಂದ ಹಣ ಕರ್ತೃವಿಗೆ ತಾನಾಗಿಯೇ ತಲಪುವುದಿಲ್ಲವೆಂಬುದಕ್ಕೆ ನಮ್ಮ ಶಾಸನದ ೨೦೧೨ರ ತಿದ್ದುಪಡಿಯೇ ಸಾಕ್ಷಿ. ಚಲನಚಿತ್ರಗಳ ಗೀತಕಾರರ ಮತ್ತು ಸಂಗೀತಕಾರರ ರಾಯಧನದ ಹಕ್ಕನ್ನು ಅವರೇ ಬರೆದುಕೊಟ್ಟರೂ ಪರರಿಗೆ ಸಲ್ಲದಂತೆ ಕಾಪಾಡಬೇಕಾದ ಅಗತ್ಯ ಅಂದು ಬಂದಿತ್ತು.

೬

ಇಲ್ಲಿ ಎಣಿಕೆಯ ಮಾತಿಗೆ ಹಿಂದಿರುಗಬೇಕು. ಸ್ಟೋರಿ ಅವರ ಮುಂದೆ ೩೫೩ ಪುಟಗಳೆಂಬ ಸಂಖ್ಯೆ ಇದ್ದುದರಿಂದ ನ್ಯಾಯನಿರ್ಣಯ ಸಾಧ್ಯವಾಯಿತು. ಇಂದಿನ ಯಂತ್ರಗಳು ಯಾವ ಗ್ರಂಥಗಳಿಂದ ಅಭ್ಯಾಸ ಮಾಡಿದುವೆಂಬುದು ಬಹುಮಟ್ಟಿಗೆ ಮೊಕದ್ದಮೆ ನಡೆದು ದಾಖಲೆಗಳು ಹೊರಬಂದ ಮೇಲೆಯೇ ತಿಳಿದುದು. ಪಟ್ಟಿಯಿಲ್ಲದೆಡೆ ಅನುಮತಿಯನ್ನು ಕೇಳುವವರಾರು, ನಿರಾಕರಿಸುವವರಾರು? ಪ್ರತಿಫಲವನ್ನು ಹಂಚುವುದಾದರೂ ಯಾವ ಆಧಾರದ ಮೇಲೆ? ಇತಿಹಾಸದ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವ ಪಾಠ ಆಕರವನ್ನು ಹೇಳು ಎಂಬುದು. ಸ್ಪಾರ್ಕ್ಸನು ವಾಷಿಂಗ್ಟನ್ನನ ಪತ್ರಗಳ ಭಾಷೆಯನ್ನು ಅಲ್ಲಲ್ಲಿ ತಿದ್ದಿದ್ದನೆಂಬುದು ಮುಂದೆ ಬಯಲಾದದ್ದೂ ಮೂಲಪತ್ರಗಳು ಉಳಿದು ಹೋಲಿಕೆಗೆ ದೊರೆತುದರಿಂದಲೇ. ಆಕರಗಳ ಪ್ರಕಟಣೆಯು ಸ್ವಾಮ್ಯವನ್ನು ಕಾಯುವುದರ ಜೊತೆಗೆ ಸತ್ಯವನ್ನೂ ಕಾಯುತ್ತದೆ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆಯ ಶಾಸನವು ಅಭ್ಯಾಸದ ಸಾಮಗ್ರಿಯ ಸಾರಾಂಶವನ್ನು ಪ್ರಕಟಿಸಬೇಕೆಂದು ಯಂತ್ರನಿರ್ಮಾಪಕರಿಗೆ ವಿಧಿಸಿದೆ; ಆ ಕಟ್ಟಳೆ ೨೦೨೫ರ ಆಗಸ್ಟ್ ೨ರಿಂದ ಜಾರಿಗೆ ಬಂದಿತು. ಸಾರಾಂಶ ಸಾಲದು, ಪಟ್ಟಿಯೇ ಬೇಕೆಂಬುದು ನಮ್ಮ ಮತ. ಪರವಾನಗಿಯ ಯಾವ ಯೋಜನೆಯೇ ಆಗಲಿ, ಇದಿಲ್ಲದೆ ಅಡಿಪಾಯವಿಲ್ಲದ ಕಟ್ಟಡವಾಗುತ್ತದೆ.

ಕನ್ನಡಕ್ಕೆ ಈ ಪ್ರಶ್ನೆ ಎರಡು ಅಲಗಿನದು. ಅಮೆರಿಕದ ರಾಜಿಯಲ್ಲಿ ಪಾಲು ದೊರೆತದ್ದು ಅಲ್ಲಿಯ ಕೃತಿಸ್ವಾಮ್ಯ ಕಚೇರಿಯಲ್ಲಿ ಸಕಾಲಕ್ಕೆ ನೋಂದಣಿಯಾದ ಪುಸ್ತಕಗಳಿಗೆ ಮಾತ್ರ. ನಮ್ಮ ಶಾಸನದಲ್ಲಿ ಸ್ವಾಮ್ಯಕ್ಕೆ ನೋಂದಣಿ ಅವಶ್ಯಕವಲ್ಲ. ಆದ್ದರಿಂದ ಇಲ್ಲಿ ಪೂರ್ಣ ಸ್ವಾಮ್ಯವುಳ್ಳ ಕನ್ನಡ ಗ್ರಂಥವೂ ಅಲ್ಲಿ ನೋಂದಣಿಯಿಲ್ಲದಿದ್ದರೆ ಆ ಪಟ್ಟಿಯಿಂದ ಹೊರಗೇ ಉಳಿಯಬೇಕಾಯಿತು. ಇದು ಒಂದು ಅಲಗು. ಇನ್ನೊಂದು, ಕೇವಲ ನಿಷೇಧವನ್ನೇ ನೆಚ್ಚಿದರೆ ಯಂತ್ರಕ್ಕೆ ದೊರೆಯುವ ಕನ್ನಡ ಯಾವುದು? ಕರ್ತೃವಿನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಸ್ವಾಮ್ಯ ಅವನು ತೀರಿಕೊಂಡ ಮೇಲೆ ೬೦ ವರ್ಷ ಉಳಿಯುತ್ತದೆ. ೧೯೪೬ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಅಂಥ ಕೃತಿಗಳು ಮುಕ್ತವಾಗಿವೆ. ಡಿ. ವಿ. ಗುಂಡಪ್ಪನವರವು ೨೦೩೫ರ ಕೊನೆಯವರೆಗೂ, ಬೇಂದ್ರೆಯವರವು ೨೦೪೧ರ ಕೊನೆಯವರೆಗೂ, ಕುವೆಂಪು ಅವರವು ೨೦೫೪ರ ಕೊನೆಯವರೆಗೂ ಸ್ವಾಮ್ಯದಲ್ಲಿರತಕ್ಕವು. ಪ್ರಾಚೀನ ಕಾವ್ಯಗಳೂ ರೈಸ್ ಅವರು ಪ್ರಕಟಿಸಿದ ಶಾಸನಸಂಪುಟಗಳೂ ಎಲ್ಲರಿಗೂ ತೆರೆದಿವೆ. ಇಂದಿನ ಕನ್ನಡದ ಜೀವಂತ ಭಾಗ ಮುಚ್ಚಿದೆ. ಆ ಕೊರತೆಯನ್ನು ತುಂಬುವುದು ಒರಟು ಅನುವಾದಗಳಾದರೆ ನಷ್ಟ ಭಾಷೆಗೇ. ಇಂದಿನ ಗ್ರಂಥಕರ್ತನನ್ನು ಕೇಳದೆ ಬಾಗಿಲನ್ನು ಒಡೆದರೂ ನಷ್ಟವೇ. ಬರೆಯುವವನ ಉತ್ಸಾಹ ಬತ್ತಿದ ಭಾಷೆಯಿಂದ ಯಂತ್ರವೂ ಏನನ್ನೂ ಕಲಿಯಲಾರದು.

ಕೃತಿಸ್ವಾಮ್ಯದ ಮೊದಲ ಶಾಸನವೆನಿಸಿದ ಇಂಗ್ಲೆಂಡಿನ ೧೭೧೦ರ ಕಟ್ಟಳೆ ವಿದ್ಯೆಗೆ ಪ್ರೋತ್ಸಾಹ ಕೊಡುವುದೇ ತನ್ನ ಉದ್ದೇಶವೆಂದು ಸಾರಿತು. ಹೊಸ ಪುಸ್ತಕಕ್ಕೆ ೧೪ ವರ್ಷದ ಸ್ವಾಮ್ಯವನ್ನು ಕೊಟ್ಟಿತು. ಕರ್ತೃ ಬದುಕಿದ್ದರೆ ಇನ್ನೂ ೧೪ ವರ್ಷ. ಅದರೊಡನೆ ಒಂಬತ್ತು ಗ್ರಂಥಭಂಡಾರಗಳಿಗೆ ಪ್ರತಿಗಳನ್ನು ಒಪ್ಪಿಸಬೇಕೆಂದೂ ವಿಧಿಸಿತು. ಕರ್ತೃವಿಗೆ ಹಕ್ಕು, ಲೋಕಕ್ಕೆ ಪ್ರತಿ: ಎರಡನ್ನೂ ಒಂದೇ ಶಾಸನ ತೂಗಿತು. ಆ ತೂಕವನ್ನು ಮತ್ತೆ ಸರಿಪಡಿಸುವ ಕೆಲಸದಲ್ಲಿ ವಿಶ್ವವಿದ್ಯಾನಿಲಯಗಳು ಸುಮ್ಮನಿರಬಾರದು. ತಾವು ಪ್ರಕಟಿಸಿದ ನಿಘಂಟು, ಶಾಸನಸಂಗ್ರಹ, ಪತ್ರಿಕೆಗಳ ಸ್ವಾಮ್ಯ ಯಾರದೆಂಬುದನ್ನು ಅವು ನಿರ್ಧರಿಸಿಕೊಂಡು, ಯಾವುದನ್ನು ಯಾವ ಷರತ್ತಿನ ಮೇಲೆ ಅಭ್ಯಾಸಕ್ಕೆ ಕೊಡಬಹುದೆಂಬ ಪಟ್ಟಿಯನ್ನು ತಾವೇ ಮೊದಲು ಪ್ರಕಟಿಸಬಹುದು. ಪರರಿಂದ ಪಟ್ಟಿಯನ್ನು ಕೇಳುವ ಅಧಿಕಾರ ಅದರಿಂದ ಬಲಗೊಳ್ಳುವುದು. ಈ ಸೂಚನೆಯನ್ನು ಅಧ್ಯಾಪಕ ಮಿತ್ರರ ಮತ್ತು ವಿದ್ಯಾರ್ಥಿಗಳ ವಿಚಾರಕ್ಕೆ ಒಪ್ಪಿಸುತ್ತೇನೆ.